ಅಳಿದುಹೋದ ಪ್ರಾಣಿಗಳನ್ನ ಕ್ಲೋನಿಂಗ್ ಮಾಡಿ ವಾಪಸ್ ತರಬೇಕಾ? ಚರ್ಚಾ ಸ್ಪರ್ಧೆಗೆ ತಯಾರಾಗೋದು ಹೇಗೆ

ಈ ಟಾಪಿಕ್ ಕೊಟ್ಟ ತಕ್ಷಣ ಸುಮಾರು ಮಕ್ಕಳು ಡೈನೋಸಾರ್‌ನಿಂದ ಶುರು ಮಾಡ್ತಾರೆ. ಪರ ಮಾತಾಡೋರು ಡೈನೋಸಾರ್ ನೋಡೋ ಭಾಗ್ಯ ಮುಂದಿನ ಪೀಳಿಗೆಗೆ ಸಿಗಲಿ ಅಂತಾರೆ, ವಿರೋಧ ಮಾತಾಡೋರು ಅದು ಬಂದ್ರೆ ನಮ್ಮನ್ನೆಲ್ಲ ತಿಂದು ಹಾಕುತ್ತೆ ಅಂತಾರೆ, ಬೆಲ್ ಹೊಡೆಯುತ್ತೆ, ಇಬ್ಬರೂ ಹೋಗಿ ಕೂತ್ಕೋತಾರೆ. ಕೋಲಾರದ ಕಡೆ ಪಿಯು, ಡಿಗ್ರಿ ಮಕ್ಕಳನ್ನ ಚರ್ಚೆಗೆ ರೆಡಿ ಮಾಡೋ ಕೆಲಸ ನಾನು ಮಾಡ್ತೀನಿ, ಅದಕ್ಕೇ ಈ ವಿಷಯಕ್ಕೆ ಹೇಗೆ ಓದ್ಕೋಬೇಕು, ಏನು ಮಾತಾಡಬೇಕು, ಏನು ಬಿಡಬೇಕು ಅಂತ ಇಲ್ಲಿ ಒಂದೇ ಕಡೆ ಬರೀತಾ ಇದ್ದೀನಿ. ಪರಾನೇ ಸಿಗಲಿ ವಿರೋಧಾನೇ ಸಿಗಲಿ, ಎರಡಕ್ಕೂ ಆಗುತ್ತೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಮಿಕ್ಕಿದ್ದೆಲ್ಲ ಇದರ ಮೇಲೇ ನಿಂತಿದೆ. "ಅಳಿದ ಪ್ರಾಣಿಗಳನ್ನ ತರಬೇಕಾ ಬೇಡ್ವಾ" ಅಂತ ಒಟ್ಟಾರೆಯಾಗಿ ಕೇಳ್ಕೊಂಡ್ರೆ ಗಟ್ಟಿ ಉತ್ತರ ಸಿಗಲ್ಲ. ಯಾವ ಪ್ರಾಣಿ, ಅದು ಯಾಕೆ ಸತ್ತುಹೋಯ್ತು, ಆ ಕಾರಣ ಈಗ ಇಲ್ಲಿಂದ ತೊಲಗಿದೆಯಾ, ಈ ಮೂರು ಕೇಳ್ಕೊಂಡ್ರೆ ಉತ್ತರ ತಾನಾಗೇ ಬರುತ್ತೆ.

ಮೊದಲು ಸೈನ್ಸ್ ಸರಿ ಮಾಡ್ಕೊಳ್ಳಿ

ಡೈನೋಸಾರ್ ಕಥೆ ಎರಡೇ ವಾಕ್ಯದಲ್ಲಿ ಮುಗಿಸಬಹುದು. ಅವು ಹೋಗಿ 6.6 ಕೋಟಿ ವರ್ಷ ಆಯ್ತು, ವಿಜ್ಞಾನಿಗಳಿಗೆ ಇದುವರೆಗೂ ಓದೋಕೆ ಸಿಕ್ಕಿರೋ ಅತಿ ಹಳೇ ಡಿಎನ್‌ಎ ಗ್ರೀನ್‌ಲ್ಯಾಂಡಿನ ಮಣ್ಣಿನದು, ಅದು ಸುಮಾರು 20 ಲಕ್ಷ ವರ್ಷದ್ದು, 2022ರಲ್ಲಿ ಪ್ರಕಟ ಆಯ್ತು. ಡಿಎನ್‌ಎ ಸತ್ತ ದೇಹದಲ್ಲಿ ಮುರೀತಾ ಹೋಗುತ್ತೆ, ಕೋಟಿಗಟ್ಟಲೆ ವರ್ಷ ಆದಮೇಲೆ ಓದೋಕೆ ಏನೂ ಉಳಿಯಲ್ಲ. ಎದುರಿನೋರು ಡೈನೋಸಾರ್ ಎತ್ತಿದ್ರೆ ಇಷ್ಟು ಹೇಳಿ ಮುಂದೆ ಹೋಗಿ, ಅದರ ಮೇಲೆ ಟೈಮ್ ಕಳೀಬೇಡಿ.

ಈಗ ಕ್ಲೋನಿಂಗ್, ಅಂದ್ರೆ ಒಂದು ಪ್ರಾಣಿಯ ಜೀನ್‌ಗಳನ್ನೇ ಇಟ್ಕೊಂಡು ಅದರ ನಕಲು ಹುಟ್ಟಿಸೋದು. ಪಠ್ಯಪುಸ್ತಕದಲ್ಲಿ ಡಾಲಿ ಕುರಿ ಬಗ್ಗೆ ಓದಿರ್ತೀರ, 1996ರಲ್ಲಿ ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಹುಟ್ಟಿದ್ದು. ಒಂದು ಪ್ರಾಣಿಯ ದೇಹದ ಕೋಶ ತಗೊಂಡು, ಇನ್ನೊಂದು ಹೆಣ್ಣಿನ ಅಂಡಾಣುವಿನ ಕೋಶಕೇಂದ್ರ ತೆಗೆದು ಆ ಜಾಗಕ್ಕೆ ಇದರ ಕೋಶಕೇಂದ್ರ ಸೇರಿಸಿ, ಭ್ರೂಣ ಬೆಳೆಯೋಕೆ ಶುರುವಾದ ಮೇಲೆ ಬಾಡಿಗೆ ತಾಯಿ ಗರ್ಭಕ್ಕೆ ಇಡ್ತಾರೆ. ಡಾಲಿಗೆ 277 ಅಂಡಾಣುಗಳ ಮೇಲೆ ಈ ಕೆಲಸ ಮಾಡಿದ್ರು, ಬದುಕಿ ಹುಟ್ಟಿದ್ದು ಒಂದೇ ಮರಿ. ಈ ಸಂಖ್ಯೆ ಬಾಯಿಪಾಠ ಮಾಡ್ಕೊಳ್ಳಿ, ಎರಡೂ ಕಡೆಗೂ ಉಪಯೋಗಕ್ಕೆ ಬರುತ್ತೆ. ನಮ್ಮ ದೇಶದಲ್ಲೂ ಕ್ಲೋನಿಂಗ್ ಆಗಿದೆ, ಹರಿಯಾಣದ ಕರ್ನಾಲ್‌ನಲ್ಲಿರೋ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆ ಎನ್‌ಡಿಆರ್‌ಐ 2009ರಲ್ಲಿ ಎಮ್ಮೆ ಕರು ಕ್ಲೋನ್ ಮಾಡಿತ್ತು, ಮೊದಲನೇ ಕರು ಕೆಲವೇ ದಿನ ಬದುಕ್ತು, ಆಮೇಲೆ ಹುಟ್ಟಿದ ಗರಿಮಾ-2 ಅನ್ನೋ ಕ್ಲೋನ್ ಎಮ್ಮೆ ದೊಡ್ಡದಾಗಿ 2013ರಲ್ಲಿ ತಾನೇ ಕರು ಹಾಕ್ತು.

ಇಲ್ಲಿ ಗಮನಿಸಬೇಕಾದ ವಿಷಯ ಏನಂದ್ರೆ ಕ್ಲೋನಿಂಗ್‌ಗೆ ಕೆಡದೇ ಉಳಿದಿರೋ ಪೂರ್ತಿ ಕೋಶ ಬೇಕು. ಪ್ರಾಣಿ ಬದುಕಿದ್ದಾಗಲೇ, ಇಲ್ಲಾ ಸತ್ತ ಕೂಡಲೇ, ಕೋಶ ತೆಗೆದು ಲಿಕ್ವಿಡ್ ನೈಟ್ರೋಜನ್‌ನಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಟ್ಟಿರಬೇಕು. ಹಸು ಕಟ್ಟಿರೋ ಮನೆ ಮಕ್ಕಳಿಗೆ ಇದು ಹೊಸದಲ್ಲ, ಕೃತಕ ಗರ್ಭಧಾರಣೆ ಮಾಡೋಕೆ ಬರೋ ಡಾಕ್ಟ್ರ ಹತ್ರ ಹೊಗೆ ಬರೋ ಕ್ಯಾನ್ ಇರುತ್ತಲ್ಲ, ಅದರೊಳಗಿರೋದೂ ಇದೇ ನೈಟ್ರೋಜನ್ನೇ. ಹಿಮಯುಗದ ಆನೆ ಜಾತಿಯ ಮ್ಯಾಮತ್, ಹಾರೋಕೆ ಬರದ ಡೋಡೋ ಹಕ್ಕಿ, ಆಸ್ಟ್ರೇಲಿಯಾ ಕಡೆಯ ಟಾಸ್ಮೇನಿಯನ್ ಹುಲಿ ಇವುಗಳ ಇಂಥ ಕೋಶ ಯಾರ ಹತ್ರಾನೂ ಇಲ್ಲ, ಹಾಗಾಗಿ ಅವನ್ನ ನೇರವಾಗಿ ಕ್ಲೋನ್ ಮಾಡೋಕೆ ಆಗಲ್ಲ. ಹಕ್ಕಿಗಳಲ್ಲಂತೂ ಡಾಲಿ ವಿಧಾನ ನಡೆಯಲ್ಲ, ಮೊಟ್ಟೆ ಬೆಳೆಯೋ ರೀತಿನೇ ಬೇರೆ. ಅಂಥ ಪ್ರಾಣಿಗಳಿಗೆ ಮಾಡ್ತಿರೋದು ಜೀನ್ ಎಡಿಟಿಂಗ್, ಅಂದ್ರೆ ಹಳೇ ಮೂಳೆ ಹಲ್ಲಿನಿಂದ ಡಿಎನ್‌ಎ ಓದಿ, ಇವತ್ತು ಬದುಕಿರೋ ಹತ್ತಿರದ ಸಂಬಂಧಿಯ ಕೋಶದಲ್ಲಿ ಕೆಲವು ಜೀನ್‌ಗಳನ್ನ ಬದಲಾಯಿಸೋದು.

ಈ ವ್ಯತ್ಯಾಸಾನ ಒಂದು ನಿಮಿಷದಲ್ಲಿ ಸ್ಪಷ್ಟವಾಗಿ ಹೇಳಿದ್ರೆ ತೀರ್ಪುಗಾರರು ಪೆನ್ನು ಎತ್ತಿ ನಿಮ್ಮ ಕಡೆ ನೋಡ್ತಾರೆ, ಯಾಕಂದ್ರೆ ಹೆಚ್ಚಿನೋರು ಎರಡನ್ನೂ ಕಲಸಿಬಿಡ್ತಾರೆ.

ಉದಾಹರಣೆಗೆ 2025ರ ಏಪ್ರಿಲ್‌ನಲ್ಲಿ ಅಮೆರಿಕದ ಕೊಲೋಸಲ್ ಕಂಪನಿ ಹತ್ತು ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಅಳಿದ ಡೈರ್ ತೋಳ ಅನ್ನೋ ದೊಡ್ಡ ತೋಳದ ಜಾತಿ ವಾಪಸ್ ಬಂತು ಅಂತ ಘೋಷಿಸ್ತು, ಬಿಳಿ ಮರಿಗಳ ಫೋಟೋ ಎಲ್ಲರ ಮೊಬೈಲಿಗೂ ಬಂದಿತ್ತು. ಅವರು ಮಾಡಿದ್ದು ಬೂದು ತೋಳದ ಕೋಶ ತಗೊಂಡು 14 ಜೀನ್‌ಗಳಲ್ಲಿ 20 ಬದಲಾವಣೆ, ಆ ಕೋಶದಿಂದ ಕ್ಲೋನ್ ಮಾಡಿ ನಾಯಿ ಹೊಟ್ಟೆಯಲ್ಲಿ ಬೆಳೆಸಿದ್ದು. ತೋಳದ ಜೀನೋಮ್‌ನಲ್ಲಿ, ಅಂದ್ರೆ ಅದರ ಪೂರ್ತಿ ಡಿಎನ್‌ಎಯಲ್ಲಿ, ಇನ್ನೂರು ಕೋಟಿಗೂ ಹೆಚ್ಚು ಅಕ್ಷರ ಇದೆ. ಟಿವಿಎಸ್ ಎಕ್ಸೆಲ್‌ಗೆ ಬುಲೆಟ್ಟಿನ ಟ್ಯಾಂಕು, ಸೈಲೆನ್ಸರ್ ಹಾಕ್ಸಿದ್ರೆ ನೋಡೋಕೆ, ಕೇಳೋಕೆ ಬುಲೆಟ್ ಥರಾನೇ ಇರಬಹುದು, ಆರ್‌ಸಿ ಪುಸ್ತಕದಲ್ಲಿ ಮಾತ್ರ ಎಕ್ಸೆಲ್ ಅಂತಾನೇ ಇರುತ್ತೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ತೋಳ-ನಾಯಿ ತಜ್ಞರ ತಂಡ ಇವು ಡೈರ್ ತೋಳ ಅಲ್ಲ ಅಂತ ಹೇಳಿಕೆ ಕೊಡ್ತು, ಕೊನೆಗೆ ಕಂಪನಿಯ ಮುಖ್ಯ ವಿಜ್ಞಾನಿ ಬೆತ್ ಶಪಿರೋ ಕೂಡ ಇವು 20 ಎಡಿಟ್ ಆಗಿರೋ ಬೂದು ತೋಳಗಳೇ ಅಂತ ಒಪ್ಕೊಂಡ್ರು. ಪರ ಮಾತಾಡೋರು ಈ ತೋಳಾನ ಸಾಕ್ಷಿಯಾಗಿ ತಂದ್ರೆ ಎದುರಿನೋರು ಇದನ್ನ ಹಿಡ್ಕೊಂಡೇ ಕೆಡವ್ತಾರೆ, ಹುಷಾರು.

ಒಂದು ಪ್ರಾಣಿ ಆರಿಸ್ಕೊಳ್ಳಿ, ಅದರ ಕಥೆ ಪೂರ್ತಿ ಹೇಳಿ

ಐದು ನಿಮಿಷದಲ್ಲಿ ಹತ್ತು ಪ್ರಾಣಿ ಹೆಸರು ಹೇಳೋದಕ್ಕಿಂತ ಒಂದೆರಡನ್ನ ಬಿಡಿಸಿ ಹೇಳೋದು ಮೇಲು. ನನ್ನ ಪ್ರಕಾರ ಈ ವಿಷಯಕ್ಕೆ ಎಲ್ಲಕ್ಕಿಂತ ಮುಖ್ಯವಾದ ಕಥೆ ಸ್ಪೇನ್ ದೇಶದ ಬುಕಾರ್ಡೋ ಅನ್ನೋ ಕಾಡು ಮೇಕೆದು. ಪೈರನೀಸ್ ಬೆಟ್ಟದಲ್ಲಿ ಇದ್ದ ಪ್ರಾಣಿ, ಬೇಟೆಯಿಂದ ಕಮ್ಮಿ ಆಗ್ತಾ ಆಗ್ತಾ ಕೊನೆಗೆ ಒಂದೇ ಒಂದು ಹೆಣ್ಣು ಉಳೀತು, ಅದಕ್ಕೆ ಸೀಲಿಯಾ ಅಂತ ಹೆಸರಿಟ್ಟಿದ್ರು. 1999ರಲ್ಲಿ ಅದನ್ನ ಹಿಡಿದು ಚರ್ಮದ ಚೂರು ತೆಗೆದು ಫ್ರೀಜ್ ಮಾಡಿ ಬಿಟ್ರು, ಮಾರನೇ ವರ್ಷ ಜನವರಿಯಲ್ಲಿ ಮರ ಬಿದ್ದು ಸತ್ತಿದ್ದು ಸಿಕ್ತು. 2003ರ ಜುಲೈ 30ಕ್ಕೆ ಆ ಕೋಶದಿಂದ ಮಾಡಿದ ಕ್ಲೋನ್ ಮರಿ ಹುಟ್ತು, ಶ್ವಾಸಕೋಶದಲ್ಲಿ ದೋಷ ಇತ್ತು, ಕೆಲವೇ ನಿಮಿಷ ಉಸಿರಾಡಿ ಸತ್ತುಹೋಯ್ತು. ಅಳಿದುಹೋದ ಒಂದು ಪ್ರಾಣಿ ಕ್ಲೋನಿಂಗ್‌ನಿಂದ ಬದುಕಿ ಹುಟ್ಟಿದ್ದು ಅದೇ ಮೊದಲು, ಹಾಗಾಗಿ ಎರಡು ಸಲ ಅಳಿದ ಪ್ರಾಣಿ ಅಂತ ಅದಕ್ಕೆ ಹೆಸರು ಬಂತು.

ಪರ ಮಾತಾಡೋರು ಇದರಿಂದ ಏನು ಹೇಳಬಹುದು ಅಂದ್ರೆ, ಕೆಲಸ ಸಾಧ್ಯ ಅಂತ ಸಾಬೀತಾಯ್ತು, ಕೈ ಪಳಗಬೇಕು ಅಷ್ಟೇ. ವಿರೋಧ ಮಾತಾಡೋರಿಗೆ ಇದಕ್ಕಿಂತ ದೊಡ್ಡ ಪಾಯಿಂಟ್ ಇದೆ, ಆ ಮರಿ ಬದುಕಿದ್ರೂ ಏನಾಗ್ತಿತ್ತು ಹೇಳಿ? ಇದ್ದಿದ್ದು ಒಂದು ಹೆಣ್ಣಿನ ಕೋಶ, ಎಷ್ಟು ಕ್ಲೋನ್ ಮಾಡಿದ್ರೂ ಎಲ್ಲಾ ಹೆಣ್ಣೇ, ಎಲ್ಲಾ ಸೀಲಿಯಾನೇ, ಗಂಡು ಎಲ್ಲಿಂದ ತರ್ತೀರ? ಒಂದು ಪ್ರಾಣಿ ಹುಟ್ಟಿಸೋದು ಬೇರೆ, ಒಂದು ಹಿಂಡು ಹುಟ್ಟಿಸೋದು ಬೇರೆ.

ನಮ್ಮ ಕಾಡೆಮ್ಮೆದೂ ಒಂದು ಕಥೆ ಇದೆ, ಅದು ಅಳಿದ ಪ್ರಾಣಿ ಅಲ್ಲ ಆದ್ರೂ ಹೇಳೋಕೆ ಚೆನ್ನಾಗಿದೆ. ಬಂಡೀಪುರದಲ್ಲಿ ನೋಡ್ತೀವಲ್ಲ, ಅದೇ ಕಾಡೆಮ್ಮೆ ಜಾತಿಯ ಕರುವನ್ನ ಕ್ಲೋನ್ ಮಾಡಿ 2001ರ ಜನವರಿಯಲ್ಲಿ ಅಮೆರಿಕದ ಅಯೋವಾದಲ್ಲಿ ಸಾಕಿದ ಹಸು ಹೊಟ್ಟೆಯಿಂದ ಹುಟ್ಟಿಸಿದ್ರು, ನೋವಾ ಅಂತ ಹೆಸರು, ಎರಡೇ ದಿನಕ್ಕೆ ಬೇಧಿಯಾಗಿ ಹೋಯ್ತು.

ಯಾಕೆ ಸತ್ತುಹೋಯ್ತು ಅಂತ ಕೇಳಿ

ನಾನು ಮಕ್ಕಳಿಗೆ ಅತಿ ಹೆಚ್ಚು ಟೈಮ್ ಕೊಡಿ ಅನ್ನೋದು ಈ ಭಾಗಕ್ಕೇ. ಅಮೆರಿಕದ ಪ್ಯಾಸೆಂಜರ್ ಪಾರಿವಾಳ ಆಕಾಶ ಮುಚ್ಚೋ ಹಾಗೆ ಹಾರ್ತಿದ್ದ ಹಕ್ಕಿ, ಬೇಟೆ ಆಡಿ ಆಡಿ ಮುಗಿಸಿದ್ರು, ಕೊನೆಯದು ಮಾರ್ಥಾ ಅಂತ, 1914ರ ಸೆಪ್ಟೆಂಬರ್ 1ಕ್ಕೆ ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಟಾಸ್ಮೇನಿಯನ್ ಹುಲಿ ಕುರಿ ತಿನ್ನುತ್ತೆ ಅಂತ ಅದರ ತಲೆಗೆ ಸರ್ಕಾರವೇ ಬಹುಮಾನ ಇಟ್ಟಿತ್ತು, ಕೊನೆಯದು 1936ರಲ್ಲಿ ಹೋಬಾರ್ಟ್ ಮೃಗಾಲಯದಲ್ಲಿ ಹೋಯ್ತು.

ನಮ್ಮ ಉದಾಹರಣೆ ಅಂದ್ರೆ ಚೀತಾ. ಈಗಿನ ಛತ್ತೀಸ್‌ಗಢದಲ್ಲಿದ್ದ ಕೊರಿಯಾ ಸಂಸ್ಥಾನದ ರಾಜರು 1947ರಲ್ಲಿ ಕೊನೆಯ ಮೂರನ್ನ ಹೊಡೆದ್ರು ಅಂತ ದಾಖಲೆ, 1952ರಲ್ಲಿ ದೇಶದಲ್ಲಿ ಇಲ್ಲ ಅಂತ ಘೋಷಣೆ ಆಯ್ತು. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಸಿಸಿಎಂಬಿ 2000ದ ಆಸುಪಾಸಿನಲ್ಲಿ ಇರಾನಿನ ಚೀತಾದ ಕೋಶ ತಂದು ಕ್ಲೋನ್ ಮಾಡೋ ಪ್ಲಾನ್ ಹಾಕಿತ್ತು, ಇರಾನ್ ಕೊಡಲ್ಲ ಅಂತು, ಅಲ್ಲಿಗೆ ನಿಂತುಹೋಯ್ತು. ಆಮೇಲೆ ಕ್ಲೋನಿಂಗ್ ಇಲ್ಲದೇನೇ 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ 8, 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ 12 ಬದುಕಿರೋ ಚೀತಾಗಳನ್ನೇ ಮಧ್ಯಪ್ರದೇಶದ ಕುನೋಗೆ ತಂದ್ರು. ಆ ಚೀತಾಗಳಲ್ಲಿ ಕೆಲವು 2023ರ ಮಳೆಗಾಲದಲ್ಲಿ ಸತ್ತವು, ಆಫ್ರಿಕಾದ ಚಳಿಗಾಲದ ಲೆಕ್ಕಕ್ಕೆ ಮೈ ಮೇಲೆ ದಪ್ಪ ಕೂದಲು ಬೆಳೆದಿತ್ತು, ಇಲ್ಲಿ ಜಡಿಮಳೆ, ಒದ್ದೆ ಕೂದಲ ಕೆಳಗೆ ಗಾಯ ಆಗಿ ಹುಳ ಬಿದ್ದು ರಕ್ತಕ್ಕೆ ಸೋಂಕು ಏರ್ತು. ಬದುಕಿರೋ, ತಾಯಿ ಹತ್ರ ಬೇಟೆ ಕಲಿತಿರೋ ಪ್ರಾಣಿಗೇ ಊರು ಬದಲಾದ್ರೆ ಇಷ್ಟು ಕಷ್ಟ ಆದ್ರೆ, ಪ್ರಯೋಗಶಾಲೆಯಲ್ಲಿ ಹುಟ್ಟಿ ತನ್ನ ಜಾತಿಯ ಇನ್ನೊಂದು ಮುಖಾನೇ ನೋಡದೇ ಇರೋ ಮರಿಗೆ ಯಾರು ಏನು ಕಲಿಸ್ತಾರೆ? ಈ ಪ್ರಶ್ನೆ ವಿರೋಧದೋರು ಕೇಳಲೇಬೇಕು, ಪರದೋರು ಇದಕ್ಕೆ ಉತ್ತರ ಇಟ್ಕೊಂಡೇ ಹೋಗಬೇಕು.

ಜಾಗದ ಲೆಕ್ಕಾನೂ ಹಾಕಿ. ಕುನೋ ರಾಷ್ಟ್ರೀಯ ಉದ್ಯಾನ ಸುಮಾರು 748 ಚದರ ಕಿಲೋಮೀಟರ್. ಚೀತಾ ಇಷ್ಟಪಟ್ಟು ತಿಂತಿದ್ದ ಕೃಷ್ಣಮೃಗ ನಮ್ಮ ತುಮಕೂರು ಜಿಲ್ಲೆ ಮಧುಗಿರಿ ತಾಲೂಕಿನ ಮೈದನಹಳ್ಳಿಯಲ್ಲಿದೆ, ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಅಂತ 2007ರಲ್ಲಿ ಆಯ್ತು, ಅದರ ವಿಸ್ತೀರ್ಣ 798 ಎಕರೆ, ಅಂದ್ರೆ ಮೂರು ಚದರ ಕಿಲೋಮೀಟರ್ ಚಿಲ್ಲರೆ, ಸುತ್ತ ಹೊಲ. ಹುಲ್ಲುಗಾವಲು ಅಂದ್ರೆ ನಮ್ಮೋರಿಗೆ ಖಾಲಿ ಜಾಗ, ಬೀಳು, ಯಾರಾದ್ರೂ ಏನಾದ್ರೂ ಕಟ್ಟಬಹುದಾದ ಭೂಮಿ. ಈ ಯೋಚನೆ ಹೋಗದೇ ಹುಲ್ಲುಗಾವಲಿನ ಪ್ರಾಣಿ ಯಾವುದನ್ನ ಹುಟ್ಟಿಸಿದ್ರೂ ಬಿಡೋದು ಎಲ್ಲಿಗೆ?

ಕಾರಣ ಹುಡುಕಿ ತೆಗೆಯೋದು ಯಾಕೆ ಮೊದಲು ಆಗಬೇಕು ಅನ್ನೋದಕ್ಕೆ ರಣಹದ್ದು ಹೇಳಿ. ದನಗಳಿಗೆ ಕೊಡ್ತಿದ್ದ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ, ಸತ್ತ ದನ ತಿಂದ ಹದ್ದುಗಳ ಕಿಡ್ನಿ ಕೆಡಿಸ್ತಿತ್ತು, 2004ರಲ್ಲಿ ಇದು ಗೊತ್ತಾಯ್ತು, 2006ರಲ್ಲಿ ದನಗಳಿಗೆ ಕೊಡೋದನ್ನ ಸರ್ಕಾರ ನಿಷೇಧಿಸ್ತು. ಔಷಧಿ ಅಂಗಡಿಯಲ್ಲಿ ಡೈಕ್ಲೋಫೆನಾಕ್ ಹಾಗೇ ಇದ್ದು ನಾವು ಕ್ಲೋನ್ ಮಾಡಿ ಹದ್ದು ಬಿಟ್ಟಿದ್ರೆ ಅವೂ ಅದೇ ದನ ತಿಂದು ಅದೇ ಥರ ಸಾಯ್ತಿದ್ವು.

ಪರ ಸಿಕ್ಕಿದ್ರೆ

ಮ್ಯಾಮತ್ ಬಿಟ್ಟುಬಿಡಿ ಅಂತ ನನ್ನ ಸಲಹೆ. ಮ್ಯಾಮತ್ ಬಂದ್ರೆ ಸೈಬೀರಿಯಾದ ಹೆಪ್ಪುಗಟ್ಟಿದ ನೆಲ ಕರಗೋದು ನಿಲ್ಲುತ್ತೆ ಅನ್ನೋ ವಾದ ಕೇಳೋಕೆ ಚೆನ್ನಾಗಿದೆ, ಆದ್ರೆ ಅದಕ್ಕೆ ದೊಡ್ಡ ದೊಡ್ಡ ಹಿಂಡುಗಳೇ ಬೇಕು, ಬಾಡಿಗೆ ತಾಯಿ ಆಗಬೇಕಾದ ಏಷ್ಯಾದ ಆನೆ ಗರ್ಭ 22 ತಿಂಗಳವರೆಗೂ ಇರುತ್ತೆ, ಆ ಆನೆಯೇ ಅಪಾಯದಲ್ಲಿರೋ ಪ್ರಾಣಿ, ಅದರ ಗರ್ಭಾನ ಪ್ರಯೋಗಕ್ಕೆ ಕೊಡ್ತೀರಾ ಅಂತ ಕೇಳಿದ್ರೆ ಕರ್ನಾಟಕದಲ್ಲಿ ಕೂತು, ದೇಶದಲ್ಲೇ ಹೆಚ್ಚು ಕಾಡಾನೆ ಇರೋ ರಾಜ್ಯದಲ್ಲಿ ಕೂತು, ಹೂಂ ಅನ್ನೋಕೆ ಆಗಲ್ಲ.

ನಿಮ್ಮ ಬಲವಾದ ಸಾಕ್ಷಿ ಅಮೆರಿಕದ ಕಪ್ಪು ಕಾಲಿನ ಫೆರೆಟ್, ಮುಂಗುಸಿ ಗಾತ್ರದ ಪ್ರಾಣಿ. ಒಂದು ಕಾಲಕ್ಕೆ ಅಳಿದೇ ಹೋಯ್ತು ಅಂದ್ಕೊಂಡಿದ್ರು, 1981ರಲ್ಲಿ ವ್ಯೋಮಿಂಗ್‌ನಲ್ಲಿ ಕೆಲವು ಸಿಕ್ಕವು, ಇವತ್ತು ಇರೋ ಫೆರೆಟ್‌ಗಳೆಲ್ಲ ಬರೀ ಏಳರ ಸಂತತಿ, ಅಂದ್ರೆ ಎಲ್ಲಾ ಹತ್ತಿರದ ರಕ್ತಸಂಬಂಧಿಗಳು, ಒಂದು ಕಾಯಿಲೆ ಬಂದ್ರೆ ಎಲ್ಲಾ ಒಟ್ಟಿಗೆ ಬೀಳಬಹುದು. ಆ ಏಳರಲ್ಲಿ ಇಲ್ಲದ ವಿಲ್ಲಾ ಅನ್ನೋ ಹೆಣ್ಣಿನ ಕೋಶಾನ 1988ರಲ್ಲಿ ಯಾರೋ ದೂರ ಯೋಚಿಸಿ ಫ್ರೀಜ್ ಮಾಡಿದ್ರು, ಅದರಿಂದ 2020ರ ಡಿಸೆಂಬರ್‌ನಲ್ಲಿ ಎಲಿಜಬೆತ್ ಆನ್ ಅನ್ನೋ ಕ್ಲೋನ್ ಹುಟ್ತು, ಆಮೇಲೆ ಹುಟ್ಟಿದ ಆಂಟೋನಿಯಾ ಅನ್ನೋ ಇನ್ನೊಂದು ಕ್ಲೋನ್ 2024ರಲ್ಲಿ ಮರಿ ಹಾಕ್ತು. ಮೂವತ್ತು ವರ್ಷಕ್ಕೂ ಹಿಂದೆ ಸತ್ತ ಪ್ರಾಣಿಯ ರಕ್ತ ಜಾತಿಗೆ ವಾಪಸ್ ಸೇರ್ತು. ಇಲ್ಲಿ ಕಾಡಿದೆ, ಹಿಂಡಿದೆ, ಕಲಿಸೋ ತಾಯಂದಿರಿದ್ದಾರೆ, ಇರದೇ ಇದ್ದಿದ್ದು ವೈವಿಧ್ಯ, ಅದನ್ನ ಕ್ಲೋನಿಂಗ್ ಕೊಡ್ತು. ಅಳಿದಿದ್ದನ್ನ ತರೋ ಸಂಶೋಧನೆ ನಿಲ್ಸಿಬಿಟ್ರೆ ಈ ವಿದ್ಯೆಯೂ ಬೆಳೆಯಲ್ಲ ಅಂತ ನೀವು ವಾದಿಸಬಹುದು, ಈ ವಾದಕ್ಕೆ ತೂಕ ಇದೆ, ನಾನು ವಿರೋಧದೋನಾದ್ರೂ ಒಪ್ತೀನಿ.

ವಿರೋಧ ಸಿಕ್ಕಿದ್ರೆ

"ಇದು ಪ್ರಕೃತಿಗೆ ವಿರುದ್ಧ, ದೇವರ ಕೆಲಸಕ್ಕೆ ಕೈ ಹಾಕಬಾರದು" ಅನ್ನೋದನ್ನ ದಯವಿಟ್ಟು ಬಿಡಿ. ನಮ್ಮ ಕಡೆ ಹೊಲಗಳಲ್ಲಿ ಬೆಳೆದ ಇಂಡಾಫ್ ರಾಗಿ ಭಾರತದ ತಳಿಗೂ ಆಫ್ರಿಕಾದ ತಳಿಗೂ ಕ್ರಾಸ್ ಮಾಡಿ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನೋರು ತಂದಿದ್ದು, ಆ ಮುದ್ದೆ ಉಂಡು ಬೆಳೆದ ಮನೆಗಳು ನಮ್ಮವು, ಎದುರಿನೋರು ಅದನ್ನ ಎತ್ತಿದ್ರೆ ನಿಮ್ಮ ಹತ್ರ ಉತ್ತರ ಇರಲ್ಲ. ಅದರ ಬದಲು ಕೋಲಾರದ ಎಲೆಮೂಗಿನ ಬಾವಲಿ ತಗೊಳ್ಳಿ.

ನಮ್ಮ ಜಿಲ್ಲೆ ಹೆಸರೇ ಇಟ್ಕೊಂಡಿರೋ ಪ್ರಾಣಿ, ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ, ನನಗೆ ಇದು ನಿಜವಾಗ್ಲೂ ಹೊಟ್ಟೆ ಉರಿಯೋ ವಿಷಯ. ಇಡೀ ಪ್ರಪಂಚದಲ್ಲಿ ಅದು ಇರೋದು ಕೋಲಾರ ಜಿಲ್ಲೆಯ ಹನುಮನಹಳ್ಳಿ ಹತ್ರದ ಗುಹೆಯಲ್ಲಿ ಮಾತ್ರ, ಇನ್ನೂರಕ್ಕಿಂತ ಕಮ್ಮಿ ಅಂತ ಅಂದಾಜು, ಐಯುಸಿಎನ್ ಪಟ್ಟಿಯಲ್ಲಿ ತೀವ್ರ ಅಪಾಯದಲ್ಲಿರೋ ಜಾತಿ. 1994ರಲ್ಲಷ್ಟೇ ವಿಜ್ಞಾನಿಗಳು ಇದು ಬೇರೆ ಜಾತಿ ಅಂತ ಗುರುತಿಸಿದ್ದು, ಹುಳ ತಿಂದ್ಕೊಂಡು ತನ್ನ ಪಾಡಿಗೆ ಬದುಕ್ತಿದೆ. ಅಪಾಯ ಏನು ಅಂದ್ರೆ ಸುತ್ತಮುತ್ತ ಅಕ್ರಮ ಗ್ರಾನೈಟ್ ಗಣಿಗಾರಿಕೆ. ಈ ಬಾವಲಿ ಉಳಿಸೋಕೆ ಕ್ಲೋನಿಂಗ್ ಬೇಡ, ಬಂಡೆ ಒಡೆಯೋದು ನಿಂತ್ರೆ ಸಾಕು. ಬಂಡೆ ಒಡೆದು ಗುಹೆ ಹೋಯ್ತು ಅಂದ್ರೆ ಆಮೇಲೆ ಕ್ಲೋನ್ ಮಾಡಿದ್ರೂ ನೇತಾಡೋಕೆ ಜಾಗ ಎಲ್ಲಿದೆ? ಈ ಒಂದು ಉದಾಹರಣೆಯನ್ನ ನಿಧಾನವಾಗಿ, ಕೂಗಾಡದೇ ಹೇಳಿದ್ರೆ ಸಭೆ ಸುಮ್ಮನಾಗುತ್ತೆ, ಯಾಕಂದ್ರೆ ಕೇಳ್ತಿರೋರೆಲ್ಲ ಕ್ರಷರ್ ಧೂಳು ಕುಡಿದಿರೋ ಜನ.

"ವಾಪಸ್ ತರಬಹುದು ಅಂತ ಗೊತ್ತಾದ್ರೆ ಉಳಿಸೋ ಗರಜೇ ಯಾರಿಗೂ ಇರಲ್ಲ" ಅನ್ನೋದು ಇದಕ್ಕೆ ಜೋಡಿಸಬೇಕಾದ ಮಾತು. ಎದುರಿನೋರು ಖಂಡನೆಗೆ "ಆ ದುಡ್ಡು ಪ್ರೈವೇಟ್ ಕಂಪನಿದು, ಅವರು ಮ್ಯಾಮತ್‌ಗೆ ಹಾಕ್ತಾರೆ, ಬಾವಲಿಗೆ ಹಾಕಲ್ಲ, ನೀವು ಬೇಡ ಅಂದ್ರೂ ಆ ದುಡ್ಡು ಹನುಮನಹಳ್ಳಿಗೆ ಬರಲ್ಲ" ಅಂತ ಹೇಳ್ತಾರೆ. ಅದು ನಿಜ ಅಂತ ಒಪ್ಕೊಳ್ಳಿ, ಒಪ್ಕೊಂಡು, ದುಡ್ಡು ಅವರದ್ದಾದ್ರೂ ಪ್ರಾಣಿನ ಬಿಡೋ ನೆಲ ಜನರದ್ದು, ಬಿಡಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋದು ಅಲ್ಲಿ ದನ ಮೇಯಿಸೋರು ಅಂತ ತಿರುಗಿಸಿ. ಐಯುಸಿಎನ್ 2016ರಲ್ಲಿ ಅಳಿದ ಪ್ರಾಣಿ ವಾಪಸ್ ತರೋ ಬಗ್ಗೆ ಮಾರ್ಗಸೂಚಿ ತಂದಿದೆ, ಅದರಲ್ಲಿ ಹೀಗೆ ಹುಟ್ಟೋ ಪ್ರಾಣಿನ ಅಸಲಿ ಅನ್ನಲ್ಲ, ಬದಲಿ ಅಂತಾರೆ, ಸಂರಕ್ಷಣೆಗೆ ಲಾಭ ಇದೆಯಾ ಅನ್ನೋದನ್ನೇ ಅಳತೆ ಮಾಡ್ಕೋಬೇಕು ಅಂತಾರೆ. ಇದನ್ನ ಎರಡೂ ಕಡೆಯೋರು ಉಪಯೋಗಿಸಬಹುದು.

"ಮನುಷ್ಯನೇ ಕೊಂದ, ಮನುಷ್ಯನೇ ವಾಪಸ್ ತರಲಿ" ಅನ್ನೋ ಭಾವನೆ ಮಾತು ಬಂದೇ ಬರುತ್ತೆ, ಚಪ್ಪಾಳೆನೂ ಬೀಳುತ್ತೆ. ಅದನ್ನ ಹೀಯಾಳಿಸಬೇಡಿ, ಆ ನೋವು ನಿಜವಾದದ್ದೇ. ಆದ್ರೆ ಮನುಷ್ಯನ ಆ ಸಾಲಾನ ಸತ್ತುಹೋದ ಸೀಲಿಯಾಗೆ ತೀರಿಸೋಕೆ ಆಗಲಿಲ್ಲ, ಉಸಿರಿಗೆ ಒದ್ದಾಡಿದ್ದು ಅದರ ಕ್ಲೋನ್ ಮರಿ, ಅಂತ ಅಷ್ಟೇ ಹೇಳಿ ಮುಂದೆ ಹೋಗಿ.

ನನ್ನ ನಿಲುವು, ಮತ್ತೆ ಕೊನೇ ತಯಾರಿ

ಅಳಿದಿದ್ದನ್ನ ತೋರಿಸೋಕೆ ಅಂತ ಹುಟ್ಟಿಸೋದು ಬೇಡ, ಆದ್ರೆ ಇವತ್ತು ಬದುಕಿರೋ ಪ್ರಾಣಿಗಳ ಕೋಶ ಈಗಲೇ ಫ್ರೀಜ್ ಮಾಡಿ ಇಡಬೇಕು. ಸಿಸಿಎಂಬಿಯ ಲಾಕೋನ್ಸ್ ಪ್ರಯೋಗಾಲಯ ಹೈದರಾಬಾದಿನಲ್ಲಿ ನಮ್ಮ ವನ್ಯಜೀವಿಗಳಿಗೆ ಈ ಕೆಲಸ ಮಾಡ್ತಿದೆ, ಅದು ಹೆಚ್ಚಾಗಬೇಕು. ತೀರ್ಪುಗಾರರು "ಹಾಗಾದ್ರೆ ನಿಮ್ಮ ಅಭಿಪ್ರಾಯ ಏನು" ಅಂತ ಕೇಳಿದಾಗ ಹೀಗೆ ಗೆರೆ ಎಳೆದು ಹೇಳೋಕೆ ಬರಬೇಕು, ಪೂರ್ತಿ ಹೌದು ಪೂರ್ತಿ ಇಲ್ಲ ಅಂತ ಹಠ ಹಿಡಿಯೋದಕ್ಕಿಂತ ಇದು ಗಟ್ಟಿ. ನಿಮ್ಮ ಗೆರೆ ನನ್ನದರ ಥರಾನೇ ಇರಬೇಕು ಅಂತಿಲ್ಲ.

ಟೈಮ್ ಹಂಚಿಕೆ ಅಂದ್ರೆ, ಐದು ನಿಮಿಷ ಇದ್ರೆ ಒಂದು ನಿಮಿಷ ಕ್ಲೋನಿಂಗ್-ಎಡಿಟಿಂಗ್ ವ್ಯತ್ಯಾಸ, ಎರಡು ನಿಮಿಷ ನಿಮ್ಮ ಪ್ರಾಣಿ ಕಥೆ, ಉಳಿದಿದ್ದು ವಾದಕ್ಕೆ. "ವೇದಿಕೆ ಮೇಲೆ ಆಸೀನರಾಗಿರುವ" ಅಂತ ಅರ್ಧ ನಿಮಿಷ ಹಾಳು ಮಾಡಬೇಡಿ. ವರ್ಷ, ಸಂಖ್ಯೆಗಳನ್ನ ಚಿಕ್ಕ ಚೀಟಿಯಲ್ಲಿ ಬರ್ಕೊಳ್ಳಿ, ಭಾಷಣ ಪೂರ್ತಿ ಬರ್ಕೊಂಡು ಓದಬೇಡಿ.

ಆದ್ರೆ ಸ್ಪರ್ಧೆಗೆ ಮುಂಚೆ ಒಂದು ಬೆಳಿಗ್ಗೆ ಮೈದನಹಳ್ಳಿಗೆ ಹೋಗಿ ಬನ್ನಿ, ಕಣ್ಣಾರೆ ನೋಡಿ ಮಾತಾಡೋರ ಮಾತೇ ಬೇರೆ. ಅರಣ್ಯ ಇಲಾಖೆಯೋರ ಹತ್ರ ಕೇಳ್ಕೊಂಡು ಹೋಗಿ, ದೂರದಿಂದ ನೋಡಿ, ಕೃಷ್ಣಮೃಗದ ಹಿಂದೆ ಬೈಕ್ ಓಡಿಸಬೇಡಿ. ಹನುಮನಹಳ್ಳಿ ಗುಹೆಗೆ ಮಾತ್ರ ಹೋಗಬೇಡಿ, ಗುಂಪಾಗಿ ಟಾರ್ಚ್ ಹಿಡ್ಕೊಂಡು ಒಳಗೆ ನುಗ್ಗಿದ್ರೆ ಹಗಲು ಮಲಗಿರೋ ಬಾವಲಿಗಳು ಗಾಬರಿಯಾಗಿ ಏಳ್ತವೆ, ಮರಿ ಇರೋ ಕಾಲದಲ್ಲಾದ್ರೆ ಮರಿ ಕೆಳಗೆ ಬೀಳುತ್ತೆ, ಇರೋದೇ ಅಷ್ಟು.